ತೋಟಾ ಚೀಲ ಒಮ್ಮೆ ಸುರಿದು ನೋಡಿ: ಒಂದೇ ಬಂದೂಕಿಗೆ ಎರಡು ಥರದ ತೋಟಾ ಯಾಕೆ ಬೇಡ

ಈ ವಾರ ಜೀವಾಮೃತ, ಹನಿ ನೀರಾವರಿ ಎಲ್ಲ ಪಕ್ಕಕ್ಕಿಟ್ಟು, ಕೆಲವರ ಮನೆ ಬೀರುವಿನಲ್ಲಿರೋ ಒಂದು ವಸ್ತುವಿನ ಬಗ್ಗೆ ಬರೀತಿದೀನಿ. ಬೆಳೆ ರಕ್ಷಣೆಯ ಬಂದೂಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆ ತಾತನ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ ಕೋವಿ ಇರೋ ಮನೆಗಳಿವೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರು ತೀರಿಕೊಂಡರೆ, ಅಥವಾ ಅವರಿಗೆ 70 ವರ್ಷ ತುಂಬಿದರೆ, ಇಲ್ಲವೇ ಬಂದೂಕು ಅವರ ಹತ್ತಿರ 25 ವರ್ಷ ಇದ್ದರೆ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಹಾಗಾಗಿ ಆ ಬಂದೂಕುಗಳು ಈಗ ಒಂದೊಂದಾಗಿ ನಮ್ಮ ವಯಸ್ಸಿನವರ ಕೈಗೆ ಬರ್ತಿವೆ. ಅರ್ಜಿ, ಫೋಟೋ, ಪೊಲೀಸ್ ವರದಿ ಬಗ್ಗೆ ಎಲ್ಲರೂ ವಿಚಾರಿಸ್ತಾರೆ. ಬಂದೂಕಿನ ಜೊತೆ ಬರೋ ತೋಟಾ ಚೀಲದಲ್ಲಿ ಏನಿದೆ ಅಂತ ಯಾರೂ ನೋಡಲ್ಲ.

ನಮ್ಮ ದೊಡ್ಡಪ್ಪನ ಜೋಡುನಳಿಗೆ ಬಂದೂಕು ಅವರ ಮಗನ ಹೆಸರಿಗೆ ಆದಾಗ ನಾವಿಬ್ಬರೂ ಕೂತು ಚೀಲ ಸುರಿದೆವು. ಎಲ್‌ಜಿ ತೋಟಾ ಐದು, ಬಿಬಿ ಎರಡು, 4 ನಂಬರಿನವು ಒಂದಷ್ಟು. ಕಾಗದದ ಕವಚದ ಹಳೇ ತೋಟಾಗಳು ತೇವ ಕುಡಿದು ಊದಿದ್ದವು. ತಳದಲ್ಲಿ ಹಳದಿ ಬಣ್ಣದ ಒಂದು ಸಣ್ಣ ತೋಟಾ. ಅದು 20 ಬೋರಿನದು, ನಮ್ಮ ಬಂದೂಕು 12 ಬೋರಿನದು. ಅದು ಅಲ್ಲಿಗೆ ಹೇಗೆ ಬಂತೋ, ಯಾವ ನೆಂಟರು ಕೊಟ್ಟಿದ್ದರೋ ಗೊತ್ತಾಗಲಿಲ್ಲ. ಎಲ್ಲ ತೋಟಾಗಳಿಗಿಂತ ಹೆಚ್ಚು ಅಪಾಯದ್ದು ಅದೇ ಆಗಿತ್ತು. ಕಾರಣ ಮುಂದೆ ಹೇಳ್ತೀನಿ.

ಬೆರಕೆ ಎಲ್ಲಿಂದ ಶುರು

ಫೋನಲ್ಲಿ ಗೇಮ್ ಆಡೋರಿಗೆ ಮ್ಯಾಗಜೀನ್ ಅಂದ್ರೆ ಗೊತ್ತು, ಗುಂಡುಗಳನ್ನು ಸಾಲಾಗಿ ತುಂಬಿಡೋ ಪೆಟ್ಟಿಗೆ. (ಮದ್ದಿನ ಮನೆಗೂ ಅದೇ ಹೆಸರು. ಜೋಡಿ ಹಳಿಗೋಸ್ಕರ 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿದರಲ್ಲ, ಟಿಪ್ಪು ಕಾಲದ ಶಸ್ತ್ರಾಗಾರ, ಅದೂ ಒಂದು ಮ್ಯಾಗಜೀನೇ.) ಬೆಳೆ ಕಾಯೋ ಬಂದೂಕುಗಳಲ್ಲಿ ಮ್ಯಾಗಜೀನ್ ಇರೋದು ಕಡಿಮೆ. ಬಾಯಿಂದ ಮದ್ದು ತುಂಬೋ ಒಂಟಿನಳಿಗೆ, ತೋಟಾ ಹಾಕೋ ಒಂಟಿನಳಿಗೆ, ಜೋಡುನಳಿಗೆ, ಇವೇ ಜಾಸ್ತಿ. ಪಂಪ್ ಆಕ್ಷನ್ ಬಂದೂಕಲ್ಲಿ ಮಾತ್ರ ನಳಿಗೆಯ ಕೆಳಗೆ ಕೊಳವೆಯಾಕಾರದ ಮ್ಯಾಗಜೀನ್ ಇರುತ್ತೆ.

ಆದರೆ ಬೆರಕೆ ಮಾಡೋ ಅಭ್ಯಾಸಕ್ಕೆ ಮ್ಯಾಗಜೀನೇ ಬೇಕು ಅಂತಿಲ್ಲ. ಜೋಡುನಳಿಗೆಯಲ್ಲಿ ಎರಡೇ ಎರಡು ತೋಟಾ ಹಿಡಿದರೂ ಅದು ನಡೆಯುತ್ತೆ. ದೊಡ್ಡಪ್ಪ ಹೇಳ್ತಿದ್ದದ್ದು ನನಗೆ ಈಗಲೂ ನೆನಪಿದೆ: "ಬಲಗಡೀಕೆ ನಾಕ್ನೇ ನಂಬ್ರು, ಎಡಗಡೀಕೆ ಎಲ್‌ಜಿ. ಹಕ್ಕಿ ಬಂದ್ರೂ ಆಯ್ತು, ಹಂದಿ ಬಂದ್ರೂ ಆಯ್ತು ಕಣ್ಲಾ." ಇದು ಅವರೊಬ್ಬರ ಮಾತಲ್ಲ, ಶಿಕಾರಿ ಕಾಲದಿಂದ ಬಂದ ರೂಢಿ. ಜೋಡುನಳಿಗೆಯಲ್ಲಿ ಎರಡು ಕುದುರೆ ಇರುತ್ತವೆ. ಸಾಮಾನ್ಯವಾಗಿ ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ಎಡ ನಳಿಗೆಯ ಬಾಯಿ ಸ್ವಲ್ಪ ಬಿಗಿಯಾಗಿರುತ್ತೆ, ದೂರದ ಈಡಿಗೆ ಅಂತ. ಹಗಲು ಹೊತ್ತು, ತಲೆ ತಣ್ಣಗಿದ್ದಾಗ, ಈ ಲೆಕ್ಕ ಸರಿಯಾಗೇ ಕಾಣುತ್ತೆ.

ರಾತ್ರಿ ಎರಡು ಗಂಟೆಗೆ ಅದೇ ಲೆಕ್ಕ ಹಾಕಿ ನೋಡಿ. ಕಬ್ಬಿನ ಗದ್ದೆಯಲ್ಲಿ ಸರಸರ ಸದ್ದು, ಒಂದು ಕೈಯಲ್ಲಿ ಟಾರ್ಚು, ಕಾಲ ಕೆಳಗೆ ಕೆಸರು, ನಾಯಿ ಬೊಗಳ್ತಿದೆ. ಆ ಗಾಬರಿಯಲ್ಲಿ ಬೆರಳು ಯಾವ ಕುದುರೆ ಮೇಲೆ ಹೋಯ್ತು ಅಂತ ಯಾರು ನೋಡ್ತಾರೆ? ಹೆದರಿಸೋಕೆ ಹಾರಿಸಬೇಕಾದ ಸಣ್ಣ ಚರೆ ಒಳಗೇ ಉಳಿದು, ಎಲ್‌ಜಿ ಹೊರಗೆ ಹೋಗಿರುತ್ತೆ.

ಪಂಪ್ ಆಕ್ಷನ್ ಇರೋರಿಗೆ ಇನ್ನೂ ಒಂದು ಗೊಂದಲ. ಕೊಳವೆ ಮ್ಯಾಗಜೀನಿಗೆ ಕೊನೆಗೆ ತುರುಕಿದ ತೋಟಾನೇ ಮೊದಲು ಬರೋದು. ಮೊದಲು ಹಾಕಿದ್ದು ಕೊನೆಗೆ. ಜೊತೆಗೆ ಕೋಣೆಯಲ್ಲಿ ಮೊದಲೇ ಒಂದು ಕೂತಿದ್ದರೆ ಎಲ್ಲಕ್ಕಿಂತ ಮುಂಚೆ ಅದೇ ಹಾರೋದು. ಸಂಜೆ ಆರಕ್ಕೆ ತುಂಬಿಟ್ಟ ವರಸೆ ನಡುರಾತ್ರಿಯಲ್ಲಿ ಯಾರಿಗೂ ನೆನಪಿರಲ್ಲ.

ಒಂದು ಎಕರೆಯ ಅಳತೆ

ಎಲ್‌ಜಿ ಹೋದರೇನಾಯ್ತು, ಸದ್ದು ಒಂದೇ ತಾನೇ ಅನ್ನಬಹುದು. ದೂರದ ಲೆಕ್ಕ ನೋಡೋಣ. ಸೀಸದ ಚರೆಯ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ಹಿಡಿದು 80ರಿಂದ ಗುಣಿಸಿದರೆ, ಅದು ಹೋಗಬಹುದಾದ ಗರಿಷ್ಠ ದೂರ ಮೀಟರ್‌ನಲ್ಲಿ ಹೆಚ್ಚುಕಡಿಮೆ ಸಿಗುತ್ತೆ. ಜುರ್ನೇ ಅನ್ನೋ ಫ್ರೆಂಚ್ ಸೇನಾಧಿಕಾರಿಯ ಹೆಸರಲ್ಲಿರೋ ಹಳೇ ಸೂತ್ರ ಇದು. 4 ನಂಬರ್ ಚರೆ ಸುಮಾರು 3.1 ಮಿ.ಮೀ., ಅಂದ್ರೆ 250 ಮೀಟರ್ ಹತ್ತಿರ. ಬಿಬಿ 4.1 ಮಿ.ಮೀ., 330 ಮೀಟರ್. ಎಲ್‌ಜಿ ಗುಂಡು 9.1 ಮಿ.ಮೀ., ಅದು 700 ಮೀಟರ್ ದಾಟುತ್ತೆ. ಒಂದು ಎಲ್‌ಜಿ ಗುಂಡು 4 ನಂಬರಿನ ಒಂದು ಚರೆಗಿಂತ ಸುಮಾರು 25 ಪಟ್ಟು ತೂಕ.

ಚೌಕಾಗಿರೋ ಒಂದು ಎಕರೆ ಹೊಲದ ಒಂದು ಬದಿ ಸುಮಾರು 64 ಮೀಟರ್. 4 ನಂಬರ್ ನಾಲ್ಕು ಹೊಲ ದಾಟುತ್ತೆ. ಎಲ್‌ಜಿ ಹನ್ನೊಂದು ಹೊಲ ದಾಟುತ್ತೆ. ನಮ್ಮ ವಿ.ಸಿ. ನಾಲೆ ಬಯಲಲ್ಲಿ ಹನ್ನೊಂದು ಹೊಲದಾಚೆ ಏನಿರುತ್ತೆ ಅಂತ ನೀವೇ ಯೋಚಿಸಿ. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಮೋಟರ್ ಹಾಕೋಕೆ ಹೋದ ಪಕ್ಕದೂರಿನವರಿರಬಹುದು. ಗದ್ದೆ ಬಯಲಲ್ಲಿ ಕುರಿ ಮಂದೆ ಹಾಕಿ ಅಲ್ಲೇ ಕಂಬಳಿ ಹೊದ್ದು ಮಲಗಿದ ಕುರಿಗಾಹಿಗಳಿರಬಹುದು. ಕಬ್ಬು ಕಡಿಯೋಕೆ ಬಂದವರ ಗುಡಿಸಲಿರಬಹುದು. ಕಬ್ಬು ಎತ್ತರಕ್ಕೆ ನಿಂತಿರೋದ್ರಿಂದ ನಮಗೆ ಅವರು ಕಾಣಲ್ಲ, ಅವರಿಗೆ ನಾವು ಕಾಣಲ್ಲ. ನೀರು ನಿಂತ ಗದ್ದೆಗೋ, ನಾಗಮಂಗಲ ಕಡೆಯ ಕಲ್ಲು ಬಂಡೆಗೋ ತಗುಲಿದ ಗುಂಡು ಯಾವ ದಿಕ್ಕಿಗೆ ಸಿಡಿಯುತ್ತೆ ಅಂತ ಹೇಳೋಕೇ ಆಗಲ್ಲ.

ಮೇಲಕ್ಕೆ ಹಾರಿಸಿದ್ರೆ ಏನೂ ಆಗಲ್ಲ ಅನ್ನೋದೂ ಸುಳ್ಳು. ಓರೆಯಾಗಿ ಹೋದದ್ದು ಓರೆಯಾಗೇ ಎಲ್ಲೋ ಬೀಳುತ್ತೆ. 2019ರ ತಿದ್ದುಪಡಿ ಆದಮೇಲೆ, ಇನ್ನೊಬ್ಬರ ಜೀವಕ್ಕೆ ಅಪಾಯ ಆಗೋ ಹಾಗೆ ನಿರ್ಲಕ್ಷ್ಯದಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮದುವೆ, ಜಾತ್ರೆ ಸಂಭ್ರಮದಲ್ಲಿ ಹಾರಿಸೋದಕ್ಕೂ ಇದೇ ಕಲಮು.

ಎಲ್‌ಜಿ ಯಾಕೆ ಬೇಕು ಅನ್ನೋ ಪ್ರಶ್ನೆ

ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಬೆಳೆ ರಕ್ಷಣೆ ಲೈಸೆನ್ಸ್ ಅಂದ್ರೆ ಬೇಟೆ ಪರ್ಮಿಟ್ ಅಲ್ಲ. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದು, 2023ರ ಏಪ್ರಿಲ್ 1ರಿಂದ ಜಾರಿಯಾಗಿದೆ. ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾಳು ಮಾಡೋ ಹಂದಿ ಹೊಡೆಯಬೇಕಾದರೂ 11ನೇ ಕಲಮಿನ ಕೆಳಗೆ ಅಧಿಕಾರ ಇರೋ ಅರಣ್ಯಾಧಿಕಾರಿಯಿಂದ ಲಿಖಿತ ಅನುಮತಿ ಬೇಕು. ನವಿಲು, ಚಿರತೆ, ಆನೆ ಮೊದಲನೇ ಅನುಸೂಚಿ. ಅವನ್ನು ಹೊಡೆದರೆ ಕನಿಷ್ಠ ಮೂರು ವರ್ಷ ಜೈಲು. ಅನುಮತಿ ಇಲ್ಲದವರು ಬಂದೂಕನ್ನ ಸದ್ದಿಗೆ ಮಾತ್ರ ಬಳಸಬೇಕು. ಸದ್ದಿಗೆ ಎಲ್‌ಜಿ ಯಾಕೆ?

"ಚಿರತೆ ಬಂದ್ರೆ?" ಅಂತ ಕೇಳ್ತಾರೆ. ಪಾಂಡವಪುರ, ಶ್ರೀರಂಗಪಟ್ಟಣದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಭಯ ಸುಳ್ಳಲ್ಲ, ಒಪ್ತೀನಿ. ಪ್ರಾಣ ಉಳಿಸಿಕೊಳ್ಳೋಕೆ ಸದುದ್ದೇಶದಿಂದ ಮಾಡಿದ್ದು ಅಪರಾಧ ಅಲ್ಲ ಅಂತ ಕಾಯ್ದೆಯೂ ಹೇಳುತ್ತೆ. ಆದರೆ ಗಾಬರಿಯಲ್ಲಿ ಯಾವ ನಳಿಗೆ ಹಾರಿತು ಅಂತ ಗೊತ್ತಿಲ್ಲದೆ 4 ನಂಬರಿನ ಚರೆ ಚಿರತೆಗೆ ಬಿದ್ದರೆ ಅದು ಸಾಯಲ್ಲ, ಗಾಯಗೊಂಡು ಗದ್ದೆಯೊಳಗೆ ಕೂರುತ್ತೆ. ಬೆಳಿಗ್ಗೆ ಗರಿ ತೆಗೆಯೋಕೆ ಹೋದ ಹೆಂಗಸರ ಗತಿ ಏನು? ಬೆರಕೆ ತುಂಬಿದವರಿಗೆ ಎರಡು ಕಡೆಯಿಂದಲೂ ನಷ್ಟ. ಚಿರತೆ ಸುಳಿವು ಸಿಕ್ಕರೆ ಅರಣ್ಯ ಇಲಾಖೆಗೆ ಫೋನ್ ಮಾಡಿ ಬೋನು ಇಡಿಸಿ. ಗದ್ದೆಗೆ ಒಬ್ಬರೇ ಹೋಗಬೇಡಿ.

ನಮ್ಮ ನಾಲ್ಕು ತಾಲ್ಲೂಕಿನವರು ಇನ್ನೊಂದು ನೋಡಬೇಕು. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು, ಪಾಂಡವಪುರ ಕಡೆ ಮೇಲುಕೋಟೆ ದೇವಾಲಯ ವನ್ಯಜೀವಿಧಾಮ, ನಾಗಮಂಗಲದಲ್ಲಿ ಆದಿಚುಂಚನಗಿರಿ ನವಿಲುಧಾಮ ಇವೆ. ಧಾಮದ ಒಳಗೆ ಅಥವಾ ಅದರಿಂದ 10 ಕಿ.ಮೀ. ಸುತ್ತಳತೆಯಲ್ಲಿ ವಾಸ ಇರೋ ಬಂದೂಕು ಲೈಸೆನ್ಸ್‌ದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು ಅಂತ 34ನೇ ಕಲಮು ಹೇಳುತ್ತೆ. ತಾತ ಮಾಡಿಸಿದ್ದರೋ ಇಲ್ಲವೋ, ನಿಮ್ಮ ಹೆಸರಿಗೆ ಬಂದಾಗ ವಿಚಾರಿಸಿ. ಅನುಮತಿ ಇಲ್ಲದೆ ಬಂದೂಕು ಹಿಡಿದು ಧಾಮದೊಳಗಿನ ಅಡ್ಡದಾರಿಯಲ್ಲಿ ಹೋಗೋದೂ ತಪ್ಪೇ.

ಆ ಹಳದಿ ತೋಟಾದ ಕಥೆ

ಇಲ್ಲಿವರೆಗೆ ಹೇಳಿದ್ದು ಬೇರೆಯವರಿಗೆ ಆಗೋ ಅಪಾಯ. ಇನ್ನು ಬಂದೂಕು ಹಿಡಿದವರಿಗೇ ಆಗೋದು.

12 ಬೋರ್ ನಳಿಗೆಯ ಒಳ ವ್ಯಾಸ ಸುಮಾರು 18.5 ಮಿ.ಮೀ., 20 ಬೋರಿನದು 15.6. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಅಂತ 20 ಬೋರ್ ತೋಟಾವನ್ನ 12 ಬೋರಿಗೆ ಹಾಕಿದರೆ ಅದು ಜಾರಿ ಮುಂದಕ್ಕೆ ಹೋಗಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತೆ. ಹಿಂದಿನಿಂದ ನೋಡಿದರೆ ಕೋಣೆ ಖಾಲಿ ಕಾಣುತ್ತೆ. "ಅಯ್ಯೋ, ಹಾಕೋದು ಮರೆತೆ" ಅಂದುಕೊಂಡು ಹಿಂದೆ 12 ಬೋರಿನದು ಹಾಕ್ತೀವಿ. ಅದೂ ಸರಿಯಾಗಿ ಕೂರುತ್ತೆ, ಬಂದೂಕು ಮುಚ್ಚಿಕೊಳ್ಳುತ್ತೆ. ಕುದುರೆ ಎಳೆದರೆ ಹಿಂದಿನದು ಹೋಗಿ ಮುಂದಿನದಕ್ಕೆ ಬಡಿಯುತ್ತೆ, ನಳಿಗೆ ಸಿಡಿಯುತ್ತೆ. ಅದು ಸಿಡಿಯೋ ಜಾಗ ಎಡಗೈ ಹಿಡಿದಿರೋ ಜಾಗವೇ. ಇದೇ ಕಾರಣಕ್ಕೆ 20 ಬೋರಿಗೆ ಹಳದಿ ಬಣ್ಣ ಅನ್ನೋ ರೂಢಿ ಬಂದಿದೆ. ಕತ್ತಲಲ್ಲಿ, ಕೆಂಪು ಟಾರ್ಚಿನ ಬೆಳಕಲ್ಲಿ ಬಣ್ಣ ನಂಬೋಕೆ ಆಗಲ್ಲ. ತೋಟಾದ ಹಿತ್ತಾಳೆ ತಳದಲ್ಲಿ ಬೋರ್ ಕೊರೆದಿರುತ್ತೆ, ಅದನ್ನ ಹಗಲಲ್ಲೇ ಓದಿ.

ಒಂದೇ ಬೋರಿನಲ್ಲೂ ಉದ್ದ ಬೇರೆ ಇರುತ್ತೆ. ಹಳೇ ಬಂದೂಕುಗಳ ಕೋಣೆ ಎಷ್ಟೋ ಸಲ 65 ಮಿ.ಮೀ. ಅಂದ್ರೆ ಎರಡೂವರೆ ಇಂಚು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗೋದು 70 ಮಿ.ಮೀ. ತೋಟಾ. ಮೋಸ ಎಲ್ಲಿದೆ ಅಂದ್ರೆ, ತೋಟಾ ಮೇಲೆ ಬರೆದಿರೋದು ಹಾರಿಸಿದ ಮೇಲಿನ ಉದ್ದ. ಹಾರಿಸೋ ಮುಂಚೆ ಬಾಯಿ ಮಡಿಚಿರೋದ್ರಿಂದ ಗಿಡ್ಡಗಿದ್ದು, 65ರ ಕೋಣೆಯಲ್ಲೂ ಸಲೀಸಾಗಿ ಕೂರುತ್ತೆ. ಹಾರಿದಾಗ ಮಡಿಕೆ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಕೂತಿತು ಅಂದ ಮಾತ್ರಕ್ಕೆ ಸರಿಹೊಂದಿತು ಅಂತಲ್ಲ. ಬಂದೂಕು ಬಿಚ್ಚಿದಾಗ ನಳಿಗೆಯ ತಳದಲ್ಲಿ ಕೊರೆದ ಅಳತೆ ಕಾಣುತ್ತೆ. ಅಳಿಸಿಹೋಗಿದ್ದರೆ ಲೈಸೆನ್ಸ್ ಇರೋ ರಿಪೇರಿಯವರ ಹತ್ತಿರ ಅಳೆಸಿ. ನಳಿಗೆ ಮೇಲೆ ಮರದ ಗೆರೆ ಥರ ಸುಳಿ ಸುಳಿ ವಿನ್ಯಾಸ ಇದ್ದರೆ ಅದು ಡಮಾಸ್ಕಸ್ ನಳಿಗೆ, ಕರಿಮದ್ದಿನ ಕಾಲದ್ದು. ಅದಕ್ಕೆ ಈಗಿನ ತೋಟಾ ಹಾಕಲೇಬೇಡಿ.

ಹಳೇದು, ಹೊಸದು ಬೆರೆಸೋದೂ ಅಷ್ಟೇ ಕೆಟ್ಟದ್ದು. ತೇವ ಹಿಡಿದ ತೋಟಾ ಕೆಲವೊಮ್ಮೆ ಹಾರಲ್ಲ, ಕೆಲವೊಮ್ಮೆ ತಡವಾಗಿ ಹಾರುತ್ತೆ. ಕುದುರೆ ಎಳೆದು ಸದ್ದು ಬರದಿದ್ದರೆ ತಕ್ಷಣ ಬಂದೂಕು ಬಿಚ್ಚಬೇಡಿ. ಯಾರೂ ಇಲ್ಲದ ಕಡೆಗೆ ನೆಟ್ಟಗೆ ಹಿಡಿದು ಒಂದು ನಿಮಿಷ ಕಾಯಿರಿ. "ಠುಸ್" ಅಂತ ಸಪ್ಪೆ ಸದ್ದು ಬಂದರಂತೂ ಆ ರಾತ್ರಿಗೆ ಬಂದೂಕಿನ ಕೆಲಸ ಮುಗೀತು. ಒಳಗಿನ ಬಿರಡೆ ನಳಿಗೆಯಲ್ಲೇ ಕಚ್ಚಿಕೊಂಡಿರಬಹುದು, ಅದರ ಹಿಂದೆ ಒಳ್ಳೇ ತೋಟಾ ಹಾರಿಸಿದರೆ ನಳಿಗೆ ಒಡೆಯುತ್ತೆ. ಎರಡು ಹಳೇದು, ಎರಡು ಹೊಸದು ಬೆರೆಸಿ ತುಂಬಿದವರಿಗೆ ಮುಂದಿನದು ಯಾವುದು ಅಂತಲೇ ಗೊತ್ತಿರಲ್ಲ.

ಬಾಯಿಂದ ಮದ್ದು ತುಂಬೋ ಕೋವಿ ಇದ್ದವರಿಗೆ ಎರಡೇ ಮಾತು. ಚರೆ ಜೊತೆ ಸೈಕಲ್ ಬಾಲ್ಸು, ಮೊಳೆ ತುಂಡು ಸೇರಿಸಬೇಡಿ. ತುಂಬಿದೆಯೋ ಇಲ್ಲವೋ ಅಂತ ಅನುಮಾನ ಇದ್ದರೆ ಗಜಕಡ್ಡಿ ಇಳಿಸಿ ನೋಡಿ, ಖಾಲಿ ನಳಿಗೆಯ ಗುರುತಿಗಿಂತ ಅದು ಮೇಲೆ ನಿಂತರೆ ಒಳಗೆ ಮದ್ದಿದೆ. ಅದರ ಮೇಲೆ ಮತ್ತೆ ತುಂಬಬೇಡಿ.

ನಾವು ಏನು ಮಾಡಿದೆವು

ನನ್ನ ಅಣ್ಣ ಈಗ ಇಡೋದು ಒಂದೇ ಥರದ ತೋಟಾ: ಒಂದೇ ಕಂಪನಿ, ಒಂದೇ ನಂಬರ್, ಕೋಣೆ ಅಳತೆಗೆ ಸರಿಯಾದ ಉದ್ದ. ಎರಡೂ ನಳಿಗೆಗೆ ಅದೇ. ಡಬ್ಬಿಯಲ್ಲಿ ಅಕ್ಕಿ ಕಾಳಿನ ಹಾಗೆ ಒಂದಕ್ಕೊಂದು ಹೋಲಬೇಕು, ಬೇರೆ ಯಾವುದಾದ್ರೂ ಕಂಡರೆ ಆ ಡಬ್ಬಿ ಹೊಲಕ್ಕೆ ಹೋಗಲ್ಲ. ಚುನಾವಣೆ ಸಮಯದಲ್ಲಿ ಠಾಣೆಗೆ ಒಪ್ಪಿಸಿ ಬಂದೂಕು ವಾಪಸ್ ತಂದಾಗಲೆಲ್ಲ ಒಮ್ಮೆ ಎಣಿಕೆ, ಒಮ್ಮೆ ಪರೀಕ್ಷೆ. ಹೊಲಕ್ಕೆ ಹೋಗುವಾಗ ಬಂದೂಕು ಬಿಚ್ಚಿ, ನಳಿಗೆ ಮೂಲಕ ಆಕಾಶ ನೋಡಿ, ಆಮೇಲೆ ತೋಟಾ. ಆ ಬಂದೂಕು ನಾನು ಮುಟ್ಟಲ್ಲ, ಲೈಸೆನ್ಸ್ ನನ್ನ ಹೆಸರಲ್ಲಿಲ್ಲ. "ಅಣ್ಣಂದಿರು ಒಂದೇ ಮನೆ ತಾನೇ" ಅನ್ನೋ ಮಾತು ಠಾಣೆಯಲ್ಲಿ ನಡೆಯಲ್ಲ.

ನಿಜ ಹೇಳಬೇಕಂದ್ರೆ ಹೋದ ವರ್ಷ ಸೋಲಾರ್ ಬೇಲಿ ಹಾಕಿಸಿದ ಮೇಲೆ ಬಂದೂಕು ಹೊರಗೆ ಬಂದಿದ್ದೇ ಕಡಿಮೆ. ಸದ್ದಿಗೆ ನವಿಲು ಎರಡು ದಿನ ಹೆದರುತ್ತೆ, ಮೂರನೇ ದಿನ ಟೊಮೊಟೊ ಸಾಲಿಗೆ ಮತ್ತೆ ಹಾಜರ್.

ಚೀಲದಿಂದ ಸಿಕ್ಕ ಊದಿದ ತೋಟಾ, ಬೇರೆ ಬೋರಿನ ತೋಟಾ ಇದ್ದರೆ ನಾಲೆಗೆ ಎಸೆಯಬೇಡಿ, ಕಸದ ಜೊತೆ ಸುಡಬೇಡಿ, ಬಿಚ್ಚಿ ಮದ್ದು ತೆಗೆಯೋಕೆ ಹೋಗಬೇಡಿ. ನಾವು ಲೈಸೆನ್ಸ್ ಪುಸ್ತಕದ ಜೊತೆ ಠಾಣೆಗೆ ಹೋಗಿ, ಇಂಥಿಂಥದ್ದು ಇಷ್ಟು ಸಿಕ್ಕಿದೆ ಅಂತ ಬರೆದುಕೊಟ್ಟು ಒಪ್ಪಿಸಿ, ಸ್ವೀಕೃತಿ ಬರೆಸಿಕೊಂಡೆವು. ಆ ಚೀಟಿ ಲೈಸೆನ್ಸ್ ಪುಸ್ತಕದೊಳಗೇ ಇದೆ.