ಉತ್ತರ ಸರಿ ಇದ್ದರೂ ಅಂಕ ಯಾಕೆ ಹೋಯಿತು?

"ಸರ್, ಬ್ಯಾಲೆನ್ಸ್ ಶೀಟ್ ತಾಳೆಯಾಗಿದೆ, ಆದರೂ ಅಂಕ ಯಾಕೆ ಕಡಿಮೆ?" ಅಸೈನ್‌ಮೆಂಟ್ ಹಿಂದಿರುಗಿಸಿದ ದಿನ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವರು ತಪ್ಪದೆ ಕೇಳುವ ಪ್ರಶ್ನೆ ಇದು. ಪ್ರಶ್ನೆ ನ್ಯಾಯವಾದದ್ದೇ. ಅಂಕೆಯ ಮೇಲೆ ಅಂಕೆ ತಿದ್ದಿದ್ದಕ್ಕೆ ಒಂದು ಅಂಕ, ಹೇಳದೆ ಕೇಳದೆ ತಡವಾಗಿ ಕೊಟ್ಟದ್ದಕ್ಕೆ ಒಂದು ಅಂಕ ಕಳೆಯುತ್ತೇನೆ. ಕಾರಣ ಹೇಳುವುದು ನನ್ನ ಕರ್ತವ್ಯ.

ಬ್ಯಾಂಕಿನಿಂದ ಬ್ಯಾಂಕಿಗೆ ಈಗ ಚೆಕ್ಕಿನ ಚಿತ್ರ ಮಾತ್ರ ಹೋಗುತ್ತದೆ. ಹಾಗಾಗಿ ರಿಸರ್ವ್ ಬ್ಯಾಂಕಿನ ನಿಯಮದಂತೆ ಅಂಥ ಚೆಕ್ಕಿನಲ್ಲಿ ಹೆಸರನ್ನಾಗಲಿ ಮೊತ್ತವನ್ನಾಗಲಿ ತಿದ್ದುವಂತಿಲ್ಲ. ತಪ್ಪಾದರೆ ಹೊಸ ಚೆಕ್ ಬರೆಯಬೇಕು. ಲೆಕ್ಕದ ಪುಸ್ತಕದಲ್ಲಿ ತಿದ್ದಬಹುದು, ಆದರೆ ಒಂದೇ ಗೆರೆ ಎಳೆದು, ಹಳೆಯ ಅಂಕೆ ಓದಲು ಬರುವಂತೆ ಉಳಿಸಿ, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಏನು ಬದಲಾಯಿತು, ಯಾರು ಬದಲಿಸಿದರು ಎಂದು ಲೆಕ್ಕಪರಿಶೋಧಕರಿಗೆ ತಿಳಿಯಬೇಕಲ್ಲ! ಕಂಪ್ಯೂಟರಿನಲ್ಲಿ ಅಳಿಸಿಬಿಡಬಹುದು ಎನ್ನಬೇಡಿ. ಕಂಪನಿಗಳ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ಗುರುತನ್ನೂ ಉಳಿಸಬೇಕೆಂಬುದು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಸಂಜೆ ತಂದೆಯ ಅಂಗಡಿಯಲ್ಲಿ ಉದ್ರಿ ಪುಸ್ತಕ ಬರೆಯುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಗೀಚಿದ ಮೊತ್ತವನ್ನು ಗಿರಾಕಿ ಒಪ್ಪುವುದಿಲ್ಲ ಎಂದು ಅವರಿಗೆ ಗೊತ್ತು.

ಇನ್ನು ದಿನಾಂಕದ ಮಾತು. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ವ್ಯಾಪಾರಿಗೆ 3ಬಿ ನಮೂನೆಯ ಕೊನೆಯ ದಿನ ಮುಂದಿನ ತಿಂಗಳ 20. ತಪ್ಪಿದರೆ ದಿನಕ್ಕೆ 50 ರೂಪಾಯಿ, ತೆರಿಗೆಯೇ ಇಲ್ಲದಿದ್ದರೆ 20 ರೂಪಾಯಿ, ಒಂದು ಮಿತಿಯವರೆಗೆ ಏರುತ್ತಾ ಹೋಗುತ್ತದೆ. ಕಚೇರಿಯ ಹುಡುಗನೋ ಹುಡುಗಿಯೋ ಮರೆತರೆ ಅದನ್ನು ಕಟ್ಟುವವರು ಗಿರಾಕಿ.

ಆದರೆ ಮನೆಯಲ್ಲಿ ಕಾಯಿಲೆ, ಮದುವೆ, ಅಂಗಡಿಯಲ್ಲಿ ಜನವಿಲ್ಲ — ಇವೆಲ್ಲ ನಿಜವಾದ ಕಾರಣಗಳೇ. ಹಿಂದಿನ ದಿನವೇ ಹೇಳಿದವರಿಗೆ ಬೇರೆ ದಿನ ಕೊಡುತ್ತೇನೆ, ಅಂಕ ಕಳೆಯುವುದಿಲ್ಲ. ಮೊದಲೇ ತಿಳಿದರೆ ಕಚೇರಿಯಲ್ಲೂ ಆ ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದು. ದಿನ ಕಳೆದ ಮೇಲೆ ಎಷ್ಟು ಒಳ್ಳೆಯ ಕಾರಣ ಕೊಟ್ಟರೂ ಕೆಲಸ ಅಲ್ಲೇ ನಿಂತಿರುತ್ತದೆ.

ಹಾಳೆಯ ಅಂಚಿಗೆ ಸ್ಕೆಚ್ ಪೆನ್ನಿನಿಂದ ಬಳ್ಳಿ ಬಿಡಿಸುವುದನ್ನು ಮಾತ್ರ ನಾನು ಕೇಳಿಲ್ಲ. ಅದಕ್ಕೆ ಅಂಕವೂ ಇಲ್ಲ.

ಮುಂದಿನ ಅಸೈನ್‌ಮೆಂಟ್ ಪಾಲುದಾರನ ನಿವೃತ್ತಿಯ ಅಧ್ಯಾಯದ್ದು. ಸೋಮವಾರ ಮೊದಲ ಪೀರಿಯಡ್‌ಗೆ ಮೇಜಿನ ಮೇಲಿರಲಿ. ಆಗದವರು ಶನಿವಾರವೇ ಸ್ಟಾಫ್ ರೂಮಿಗೆ ಬಂದು ಹೇಳಿ.