ಇಳಿಜಾರಿನ ಹೊಲದಲ್ಲಿ ಹುಲ್ಲಿನ ಸುರುಳಿ: ಒಂದು ಪಾಠ



ಹುಲ್ಲನ್ನು ಹೊರೆ ಕಟ್ಟಿ, ಬಂಡಿಗೆ ಹೇರಿ, ಕಣದ ಪಕ್ಕದಲ್ಲಿ ಬಣವೆ ಒಟ್ಟುವುದು ನಮ್ಮ ಹಿರಿಯರ ಪದ್ಧತಿ. ಈಗ ಆ ಕೆಲಸವನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಬೇಲರ್ ಯಂತ್ರವು ಮಾಡುತ್ತಿದೆ. ಕೊಯ್ಲು ಯಂತ್ರ ಬಿಟ್ಟುಹೋದ ಹುಲ್ಲನ್ನು ಅದು ಎತ್ತಿಕೊಂಡು, ಚಾಪೆಯಂತೆ ಸುತ್ತಿ, ಹುರಿಯಿಂದ ಬಿಗಿದು ಹಿಂದಕ್ಕೆ ಹಾಕುತ್ತದೆ. ಕೂಲಿ ಉಳಿಯುತ್ತದೆ, ಜಾಗ ಉಳಿಯುತ್ತದೆ, ಮೇವು ಪೋಲಾಗುವುದಿಲ್ಲ. ಮಳೆ ನಂಬಲಾಗದ ನಮ್ಮ ಸೀಮೆಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ಹೊರೆಗೆ ಇಲ್ಲದ ಒಂದು ಗುಣ ಸುರುಳಿಗೆ ಇದೆ. ಹೊರೆ ಇಟ್ಟಲ್ಲಿ ಇರುತ್ತದೆ, ಸುರುಳಿ ಉರುಳುತ್ತದೆ. ಈ ಪಾಠವೆಲ್ಲ ಆ ಒಂದು ಮಾತನ್ನು ಕುರಿತದ್ದು.

ಬೊಮ್ಮನಹಾಳು, ಕಣೇಕಲ್ಲು ಕಡೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ಕೆಳಗೆ ಭತ್ತದ ಗದ್ದೆಗಳಿವೆ. ಗದ್ದೆ ಸಮತಟ್ಟಾದುದರಿಂದ ಅಲ್ಲಿ ಸುರುಳಿ ಬಿದ್ದಲ್ಲೇ ಬಿದ್ದಿರುತ್ತದೆ. ಅದನ್ನು ಕೊಂಡು ತಂದು ನೇಮಕಲ್ಲಿನಂತಹ ಊರಿನ ಗುಡ್ಡದ ಬುಡದ ಹೊಲದಲ್ಲಿ ಇಳಿಸುವಾಗ ಅಪಾಯವು ಮೊದಲಾಗುತ್ತದೆ. ಮಡಕಶಿರದ ಕಡೆ ರಾಗಿ ಹುಲ್ಲನ್ನು ವಾಟವಿರುವ ಹೊಲದಲ್ಲಿಯೇ ಸುರುಳಿ ಸುತ್ತಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ಎರಡು ವರ್ಷದ ಹಿಂದೆ ಅರುವತ್ತು ಸುರುಳಿ ತಂದು, ಟ್ರೇಲರನ್ನು ಹೊಲದ ಮೇಲಂಚಿನಲ್ಲಿ ನಿಲ್ಲಿಸಿ, ಮೇಲಿನಿಂದ ಒಂದೊಂದಾಗಿ ಕೆಡವುತ್ತಿದ್ದೆವು. ಹೊತ್ತು ಮುಳುಗುತ್ತಿತ್ತು, ಬೇಗ ಮುಗಿಸುವ ಆತುರ. ಒಂದು ಸುರುಳಿ ನೆಲಕ್ಕೆ ಬಿದ್ದು, ಪುಟಿದು, ಇಳುಕಲಿಗೆ ಹೊರಳಿತು. ನನ್ನ ಅಕ್ಕನ ಮಗ ಅದನ್ನು ಹಿಡಿಯಲೆಂದು ಓಡಿ ಮುಂದೆ ನಿಂತ. ಅವನನ್ನು ಕೆಡವಿ, ಬದುವನ್ನು ಹಾರಿ, ಕೆಳಗಿನ ಬಂಡಿದಾರಿಗೆ ಹೋಗಿ ಅದು ನಿಂತಿತು. ಹುಡುಗನ ಮೊಣಕಾಲು ತಿರುಚಿ, ಒಂದೂವರೆ ತಿಂಗಳು ಕೋಲು ಹಿಡಿದು ನಡೆದ. ಆ ಬಂಡಿದಾರಿಯಲ್ಲಿ ಸಂಜೆ ಶಾಲೆಯ ಮಕ್ಕಳು ಮನೆಗೆ ಹೋಗುತ್ತಾರೆ. ಅಂದು ಭಾನುವಾರವಾಗಿತ್ತು, ದಾರಿಯಲ್ಲಿ ಯಾರೂ ಇರಲಿಲ್ಲ. ಸೋಮವಾರ ಹಾಜರಿ ಕರೆಯುವಾಗ ಆ ದಾರಿಯಿಂದ ಬರುವ ಮಕ್ಕಳನ್ನು ಎಣಿಸಿದೆ. ಹದಿನಾಲ್ಕು ಮಂದಿ.

ಅದು ಸಣ್ಣ ಸುರುಳಿ. ನಮ್ಮ ಕಡೆ ಬರುವವು ಸುಮಾರು 2 ಅಡಿ ಅಡ್ಡಳತೆ, 3 ಅಡಿ ಉದ್ದ, 15ರಿಂದ 25 ಕಿಲೋ ತೂಕದವು. ಹೊರದೇಶಗಳಲ್ಲಿ 4-5 ಅಡಿ ಎತ್ತರದ ಸುರುಳಿಗಳುಂಟು. ಅವು ಇನ್ನೂರು ಕಿಲೋವಿನಿಂದ ಆರುನೂರು ಕಿಲೋವರೆಗೂ ತೂಗುತ್ತವೆ. 2010ರ ಸೆಪ್ಟೆಂಬರ್ 3ರಂದು ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಸುಮಾರು 600 ಕಿಲೋ ತೂಕದ ಒಂದು ಸುರುಳಿ ಇಳಿಜಾರಿನ ಹೊಲದಿಂದ ಉರುಳಿ, ಬೇಲಿ ದಾಟಿ, ರಸ್ತೆಯಲ್ಲಿ ಹೋಗುತ್ತಿದ್ದ ವ್ಯಾನಿಗೆ ಬಡಿಯಿತು. ವ್ಯಾನು ನಡೆಸುತ್ತಿದ್ದ ಮೈಕ್ ಎಡ್ವರ್ಡ್ಸ್ ಎಂಬ ಸಂಗೀತಗಾರರು ತೀರಿಕೊಂಡರು. ಅವರಿಗೆ 62 ವರ್ಷ. ಆ ಹೊಲಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ, ದಾರಿಹೋಕರು, ಅಷ್ಟೇ.

ಉರುಳುವುದರ ಲೆಕ್ಕವನ್ನು ನೋಡೋಣ. ಹತ್ತು ಅಡಿಗೆ ಒಂದು ಅಡಿ ಇಳಿಯುವ ಹೊಲವನ್ನು ನಾವು ಇಳಿಜಾರೆಂದೇ ಹೆಚ್ಚಾಗಿ ಎಣಿಸುವುದಿಲ್ಲ. ಅಂತಹ ಗಟ್ಟಿ ನೆಲದಲ್ಲಿ ಸುರುಳಿ ನೂರು ಅಡಿ ಉರುಳಿದರೆ, ತಡೆಯೇ ಇಲ್ಲದ ಪಕ್ಷದಲ್ಲಿ, ಅದರ ವೇಗ ಗಂಟೆಗೆ ಸುಮಾರು 23 ಕಿಲೋಮೀಟರ್ ಆಗುತ್ತದೆ. ಕೂಳೆಯೂ ಹೆಂಟೆಯೂ ಇದ್ದರೆ ವೇಗವು ಕಡಮೆಯಾಗುವುದು ನಿಜ. ಆದರೂ ಮನುಷ್ಯ ಅದರ ಮುಂದೆ ಓಡಿ ಗೆಲ್ಲುವುದು ಕಷ್ಟ. ಇನ್ನೊಂದು ಮಾತನ್ನು ನೆನಪಿಡತಕ್ಕದ್ದು: ಈ ಲೆಕ್ಕದಲ್ಲಿ ತೂಕ ಬರುವುದೇ ಇಲ್ಲ. ಇಪ್ಪತ್ತು ಕಿಲೋ ಸುರುಳಿಗೂ ಆರುನೂರು ಕಿಲೋ ಸುರುಳಿಗೂ ವೇಗ ಒಂದೇ. ತೂಕ ಬರುವುದು ಹೊಡೆತದಲ್ಲಿ. ದೊಡ್ಡದು ವ್ಯಾನನ್ನು ಜಜ್ಜಿದರೆ ಸಣ್ಣದು ಮಗುವನ್ನು ಕೆಡವುತ್ತದೆ.

ಹಾಗಾದರೆ ಉಪಾಯವೇನು? ಮನೆಯಲ್ಲಿ ಮಕ್ಕಳ ಸ್ಲೇಟನ್ನು ತೆಗೆದುಕೊಂಡು ಓರೆಯಾಗಿ ಹಿಡಿಯಿರಿ. ಅದರ ಮೇಲೆ ದುಂಡನೆಯ ಬಳಪವನ್ನು ಅಡ್ಡಲಾಗಿ ಇಡಿ. ಉರುಳಿ ಬೀಳುತ್ತದೆ. ಈಗ ಅದೇ ಬಳಪದ ಒಂದು ತುದಿ ಮೇಲಕ್ಕೆ, ಇನ್ನೊಂದು ತುದಿ ಕೆಳಕ್ಕೆ ಬರುವಂತೆ ಇಡಿ. ನಿಲ್ಲುತ್ತದೆ. ಸುರುಳಿಯೂ ಹೀಗೆಯೇ. ಅದರ ಚಪ್ಪಟೆ ಮುಖಗಳಲ್ಲಿ ಒಂದು ಗುಡ್ಡವನ್ನೂ ಇನ್ನೊಂದು ಹಳ್ಳವನ್ನೂ ನೋಡುತ್ತಿರಬೇಕು. ದುಂಡನೆಯ ಬೆನ್ನು ಎಂದಿಗೂ ಇಳುಕಲನ್ನು ನೋಡಬಾರದು. ಚಪ್ಪಟೆ ಮುಖದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಬೇಲರ್ ಯಂತ್ರವು ಸುರುಳಿಯನ್ನು ತನ್ನ ಗಾಲಿಯ ಅಚ್ಚಿನಂತೆ ಅಡ್ಡಲಾಗಿ ಬಿಡುತ್ತದೆ. ಆದಕಾರಣ ಟ್ರ್ಯಾಕ್ಟರ್ ಗುಡ್ಡ ಹತ್ತುವಾಗ ಅಥವಾ ಇಳಿಯುವಾಗ ಬಿಟ್ಟ ಸುರುಳಿ ನೇರ ಇಳುಕಲಿಗೆ ಹೊರಳಲು ಸಿದ್ಧವಾಗಿಯೇ ಬೀಳುತ್ತದೆ. ಬದುವಿನ ಗುಂಟ ಹೋಗುವಾಗ ಬಿಟ್ಟದ್ದು ನಿಲ್ಲುತ್ತದೆ. ಮಣ್ಣು ಕೊಚ್ಚಿಹೋಗದಿರಲೆಂದು ಇಳಿಜಾರಿಗೆ ಅಡ್ಡಲಾಗಿ ಉಳುವುದನ್ನು ನಾವು ಕಲಿತಿದ್ದೇವೆ. ನೀರಿಗೆ ಯಾವ ನ್ಯಾಯವೋ ಸುರುಳಿಗೂ ಅದೇ ನ್ಯಾಯ. ಆದರೆ ವಾಟ ಬಹಳ ಕಡಿದಾಗಿದ್ದರೆ ಅಡ್ಡಲಾಗಿ ಹೋಗುವ ಟ್ರ್ಯಾಕ್ಟರೇ ಮಗುಚುವ ಭಯವಿದೆ. ಅಂತಹ ಹೊಲಕ್ಕೆ ಯಂತ್ರವನ್ನು ಬಿಡದೆ ಹೊರೆ ಕಟ್ಟುವುದೇ ಮೇಲು.

ಇನ್ನು ಆಚರಣೆಗೆ ತರತಕ್ಕ ನಿಯಮಗಳು:

1. ಟ್ರೇಲರನ್ನು ಇಳಿಜಾರಿನ ಮೇಲಂಚಿನಲ್ಲಿ ನಿಲ್ಲಿಸಬೇಡಿ. ಹೊಲದ ಸಮತಟ್ಟಾದ ಮೂಲೆಯಲ್ಲಿ ನಿಲ್ಲಿಸಿ, ಬ್ರೇಕು ಹಾಕಿ, ಗಾಲಿಗಳಿಗೆ ಕಲ್ಲು ಕೊಡಿ.

2. ಸುರುಳಿಯನ್ನು ಮೇಲಿನಿಂದ ಕೆಡವಬೇಡಿ. ಒಬ್ಬರು ಇಳಿಸಿಕೊಡಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ತೆಗೆದುಕೊಳ್ಳಲಿ. ಇಳಿಸಿದ ಕೂಡಲೇ ಚಪ್ಪಟೆ ಮುಖದ ಮೇಲೆ ನಿಲ್ಲಿಸಿರಿ.

3. ಕೆಲಸ ಮುಗಿಯುವವರೆಗೆ ಇಳುಕಲಿನ ಕಡೆ ಮನುಷ್ಯರೂ ದನಕರುಗಳೂ ಇರಕೂಡದು. ಕೆಳಗೆ ದಾರಿಯಿದ್ದರೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಶಾಲೆ ಬಿಡುವ ಹೊತ್ತಿನಲ್ಲಿ ಇಳಿಸುವ ಕೆಲಸವೇ ಬೇಡ.

4. ಸುರುಳಿ ಉರುಳತೊಡಗಿದರೆ ಹಿಡಿಯಲು ಹೋಗಬೇಡಿ. ಕೂಗಿ ಎಚ್ಚರಿಸಿ, ಪಕ್ಕಕ್ಕೆ ಸರಿಯಿರಿ. ಅದರ ಮುಂದೆ ಇಳುಕಲಿಗೆ ಓಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

5. ಬಣವೆಯ ತಳದ ಸಾಲಿನ ಎರಡು ಬದಿಗೂ ಭಾರವಾದ ಕಲ್ಲು ಕೊಡಿ. ಮೇವು ತೆಗೆಯುವಾಗ ಮೇಲಿನಿಂದ ತೆಗೆಯಬೇಕು. ತಳದಿಂದ ಒಂದನ್ನು ಎಳೆದರೆ ಮೇಲಿನವೆಲ್ಲ ಮೈಮೇಲೆ ಬರುತ್ತವೆ. ಮಕ್ಕಳು ಬಣವೆ ಹತ್ತಿ ಆಡದಂತೆ ನೋಡಿಕೊಳ್ಳಿ.

6. ಹೇರಿದ ಟ್ರೇಲರು ಇಳುಕಲು ಇಳಿಯುವಾಗ ಮೊದಲೇ ಕೆಳಗಿನ ಗೇರಿಗೆ ಹಾಕಿಕೊಳ್ಳಬೇಕು; ನ್ಯೂಟ್ರಲ್ ಮಾಡಿ ಬಿಡಬಾರದು. ಹೇರಿನ ಮೇಲೆ ಯಾರೂ ಕೂರಬಾರದು. ವಿದ್ಯುತ್ ತಂತಿಯ ಎತ್ತರವನ್ನು ಮೊದಲು ನೋಡಿಕೊಳ್ಳಿ.

7. ಯಂತ್ರದಲ್ಲಿ ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ, ಬೀಗದ ಕೈ ತೆಗೆದಿಟ್ಟುಕೊಂಡ ಬಳಿಕವೇ ಕೈಹಾಕಿ. ಸೀರೆಯ ಸೆರಗು, ಪಂಚೆ, ಟವೆಲು ತಿರುಗುವ ಶಾಫ್ಟಿನ ಸಮೀಪ ಸುಳಿಯಬಾರದು.

ಇಷ್ಟಕ್ಕೆ ಖರ್ಚು ಏನೂ ಇಲ್ಲ. ಕಲ್ಲಿಗೆ ನಮ್ಮ ಊರುಗಳಲ್ಲಿ ಬರವಿಲ್ಲ. ಬೇಕಾದದ್ದು ಅರ್ಧ ಗಂಟೆಯ ತಾಳ್ಮೆ. ನಾನು ನೋಡಿದ ಯಂತ್ರದ ಮೈಮೇಲೆ ಎಚ್ಚರಿಕೆಯ ಮಾತುಗಳಿದ್ದವು, ಅವು ಇಂಗ್ಲಿಷಿನಲ್ಲಿದ್ದವು. ನಮ್ಮ ಆಳುಮಕ್ಕಳಿಗೆ ಅವನ್ನು ಕನ್ನಡದಲ್ಲಿ ಹೇಳುವವರು ನಾವೇ. ಆದುದರಿಂದ ಓದಿದವರು ಓದಲಾರದವರಿಗೆ ಇದನ್ನು ಒಮ್ಮೆ ಓದಿ ಹೇಳಿರಿ. ಸ್ಲೇಟು, ಬಳಪ ಹಿಡಿದು ತೋರಿಸಿರಿ.

ಮನೆಯ ಪಾಠಕ್ಕೆ ಮೂರು ಪ್ರಶ್ನೆಗಳು: ನಿಮ್ಮ ಹೊಲದ ನೀರು ಯಾವ ಕಡೆಗೆ ಹರಿಯುತ್ತದೆ? ಆ ಕಡೆಗೆ ದಾರಿಯೋ ಮನೆಯೋ ಬಾವಿಯೋ ಏನಿದೆ? ಅಲ್ಲಿ ಯಾವ ಹೊತ್ತಿನಲ್ಲಿ ಯಾರು ತಿರುಗಾಡುತ್ತಾರೆ? ಈ ಮೂರಕ್ಕೆ ಉತ್ತರ ಕಂಡುಕೊಂಡ ಮೇಲೆ ಮೊದಲನೆಯ ಸುರುಳಿಯನ್ನು ಇಳಿಸಿರಿ.