ಅರೆ ನಿಮಿಷದ ಮಾತು: ಸ್ವಸಹಾಯ ಸಂಘಗಳ ಉತ್ಪನ್ನವನ್ನು ಪರಿಚಯಿಸುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಬೆಂಗಳೂರು ನಗರ ಜಿಲ್ಲೆಯ ದಕ್ಷಿಣ ತಾಲ್ಲೂಕಿನಲ್ಲಿ ಕನಕಪುರ ರಸ್ತೆಯ ಆಸುಪಾಸಿನಲ್ಲಿರುವ ಕಗ್ಗಲೀಪುರ, ಸೋಮನಹಳ್ಳಿ ಮೊದಲಾದ ಗ್ರಾಮ ಪಂಚಾಯಿತಿಗಳಿಗೆ ಬನಶಂಕರಿ, ಜಯನಗರ, ಜೆ.ಪಿ. ನಗರಗಳೇ ಸಮೀಪದ ದೊಡ್ಡ ಪೇಟೆ. 2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗವು ರೇಷ್ಮೆ ಸಂಸ್ಥೆಯವರೆಗೆ ವಿಸ್ತರಣೆಗೊಂಡ ಮೇಲೆ ಈ ಪೇಟೆ ಇನ್ನಷ್ಟು ಹತ್ತಿರವಾಗಿದೆ. ಆದರೆ ಪೇಟೆ ಹತ್ತಿರವಾದ ಮಾತ್ರಕ್ಕೆ ಕೊಳ್ಳುವವರು ಹತ್ತಿರವಾಗುವುದಿಲ್ಲ. ಸಂಜೀವಿನಿ ಒಕ್ಕೂಟದ ಮಹಿಳೆಯರು ಹುರಿಹಿಟ್ಟು, ಹಪ್ಪಳ, ಸಾರಿನ ಪುಡಿಗಳನ್ನು ಶ್ರದ್ಧೆಯಿಂದ ತಯಾರಿಸುತ್ತಾರೆ. ಮಳಿಗೆಯ ಮುಂದೆ ಗ್ರಾಹಕರು ಬಂದು ನಿಂತಾಗ ಮಾತ್ರ “ತಗೊಳ್ಳಿ ಅಮ್ಮ, ಚೆನ್ನಾಗಿದೆ” ಎಂಬುದರ ಆಚೆಗೆ ಮಾತು ಸಾಗುವುದಿಲ್ಲ. ಬಂದವರು ಪೊಟ್ಟಣವನ್ನು ತಿರುಗಿಸಿ ನೋಡಿ ಕೆಳಗಿಟ್ಟು ಮುಂದೆ ಹೋಗುತ್ತಾರೆ. ಸಂಜೆ ಉಳಿದ ಸರಕನ್ನು ಊರಿಗೆ ಹಿಂದಕ್ಕೆ ತರಬೇಕಾಗುತ್ತದೆ. ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಿರಬಹುದು, ಹೊರೆ ಸಾಗಿಸುವ ಆಟೊ ಬಾಡಿಗೆ ಉಚಿತವಲ್ಲ.

ಅಲ್ಪ ಅವಧಿಯಲ್ಲಿ ತನ್ನ ವ್ಯಾಪಾರವನ್ನು ಅಪರಿಚಿತರಿಗೆ ತಿಳಿಸುವ ಮಾತಿಗೆ ವಾಣಿಜ್ಯ ಶಿಕ್ಷಣದಲ್ಲಿ ‘ಎಲಿವೇಟರ್ ಭಾಷಣ’ ಎಂಬ ಹೆಸರಿದೆ. ಲಿಫ್ಟ್‌ನಲ್ಲಿ ಜೊತೆಯಾದ ವ್ಯಕ್ತಿ ತನ್ನ ಅಂತಸ್ತಿನಲ್ಲಿ ಇಳಿಯುವುದರೊಳಗೆ ಮುಗಿಯಬೇಕಾದ ಮಾತು ಎಂದರ್ಥ. ಜೆ.ಪಿ. ನಗರದ ವಸತಿ ಸಮುಚ್ಚಯಗಳಲ್ಲಿ ಇದು ಅಕ್ಷರಶಃ ನಿಜವಾಗಬಹುದು. ನಮ್ಮ ಸಂಘಗಳಿಗೆ ಆ ಅವಕಾಶ ಹೆಚ್ಚಾಗಿ ದೊರೆಯುವುದು ಮಳಿಗೆಯ ಮುಂದೆ, ಅಂಗಡಿಯ ಗಲ್ಲದ ಬಳಿ, ಬ್ಯಾಂಕ್ ವ್ಯವಸ್ಥಾಪಕರ ಕೊಠಡಿಯಲ್ಲಿ. ಇದನ್ನು ಇಲ್ಲಿ ಅರೆ ನಿಮಿಷದ ಮಾತು ಎಂದು ಕರೆಯೋಣ.

ಹೀಗೆ ಮಾತನಾಡುವಾಗ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಅದನ್ನು ಆತ್ಮಪರಿಚಯವೆಂದು ಭಾವಿಸುವುದು. ಸಂಘದ ಹೆಸರು, ಸ್ಥಾಪನೆಯಾದ ವರ್ಷ, ಸದಸ್ಯರ ಸಂಖ್ಯೆ, ತರಬೇತಿ ನೀಡಿದ ಇಲಾಖೆ, ಇವಿಷ್ಟನ್ನು ಹೇಳುವುದರೊಳಗೆ ಕಾಲ ಮುಗಿದಿರುತ್ತದೆ. ಕೇಳುವವರ ಮನಸ್ಸಿನಲ್ಲಿರುವುದು ‘ಇದರಿಂದ ನನಗೇನು?’ ಎಂಬ ಪ್ರಶ್ನೆ. ಮಾತು ಅದಕ್ಕೆ ಉತ್ತರವಾಗಿಯೇ ಆರಂಭವಾಗಬೇಕು.

ಇದಕ್ಕೆ ನಿದರ್ಶನ ಲಾಲ್‌ಬಾಗ್ ರಸ್ತೆಯಲ್ಲಿಯೇ ಇದೆ. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ತನ್ನ ರವೆ ಇಡ್ಲಿಯ ಕುರಿತು ಹೇಳಿಕೊಂಡು ಬಂದಿರುವುದು ಇಷ್ಟೇ: ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಿದೆವು. ಜನರ ಕೊರತೆ ಯಾವುದು, ಅದಕ್ಕೆ ಕಂಡುಕೊಂಡ ಉಪಾಯವೇನು, ಈ ಇಡ್ಲಿ ಉಳಿದ ಇಡ್ಲಿಗಿಂತ ಹೇಗೆ ಬೇರೆ ಎಂಬ ಮೂರೂ ಒಂದೇ ವಾಕ್ಯದಲ್ಲಿವೆ. ‘ರುಚಿಕರ’, ‘ಗುಣಮಟ್ಟದ’ ಎಂಬ ವಿಶೇಷಣಗಳು ಅಲ್ಲಿಲ್ಲ. ಅವುಗಳನ್ನು ಎಲ್ಲರೂ ಬಳಸುವುದರಿಂದ ಯಾರಿಗೂ ಅವು ಕೇಳಿಸುವುದಿಲ್ಲ.

ಹುರಿಹಿಟ್ಟು ಮಾರುವ ಒಂದು ಸಂಘವನ್ನು ಊಹಿಸಿಕೊಳ್ಳೋಣ. ಮಾತು ಹೀಗಿರಬಹುದು:

“ನಮಸ್ಕಾರ ಅಮ್ಮ. ಬೆಳಿಗ್ಗೆ ಒಲೆ ಹಚ್ಚದೆ ಎರಡು ನಿಮಿಷಕ್ಕೆ ಮಕ್ಕಳಿಗೆ ತಿಂಡಿ ಆಗ್ಬೇಕು ಅಂದ್ರೆ ಇದು ರಾಗಿ ಹುರಿಹಿಟ್ಟು, ಹಾಲು ಬೆಲ್ಲ ಹಾಕಿ ಕಲಸಿದ್ರೆ ಆಯ್ತು. ರಾಗಿ ನಮ್ಮ ಹೊಲದ್ದೇ. ಮಂಗಳವಾರ ಹುರಿದು ಬುಧವಾರ ಬೀಸಿದ್ದು, ತಾರೀಖು ಪೊಟ್ಟಣದ ಮೇಲಿದೆ. ಅರ್ಧ ಕೆ.ಜಿ.ಗೆ 90 ರೂಪಾಯಿ. ಒಂದು ಚಮಚ ತಿಂದು ನೋಡಿ. ಹಿಡಿಸಿದ್ರೆ ಮುಂದಿನ ಗುರುವಾರ ಇಲ್ಲಿಗೇ ಬರ್ತೀವಿ, ಈ ನಂಬರಿಗೆ ಹೇಳಿದ್ರೆ ಎತ್ತಿಟ್ಟಿರ್ತೀವಿ.”

ಇದರಲ್ಲಿ ಸಂಘದ ಹೆಸರೇ ಇಲ್ಲ. ಅದು ಪೊಟ್ಟಣದ ಮೇಲಿದ್ದರೆ ಸಾಕು. ಬೆಲೆಯನ್ನು ಕೇಳುವ ಮೊದಲೇ ಹೇಳಲಾಗಿದೆ. ನಂಬಿಕೆಗೆ ಆಧಾರವಾಗಿ ಹುರಿದ ದಿನವನ್ನು ತಿಳಿಸಿ, ಅದನ್ನು ಪರೀಕ್ಷಿಸಲು ಪೊಟ್ಟಣವನ್ನೇ ತೋರಿಸಲಾಗಿದೆ. ಕೊನೆಯ ವಾಕ್ಯವು ಗ್ರಾಹಕರು ಮುಂದೆ ಮಾಡಬೇಕಾದ ಒಂದು ಕೆಲಸವನ್ನು ಸೂಚಿಸುತ್ತದೆ. ನಮ್ಮ ಹೆಚ್ಚಿನ ಸಂಘಗಳು ಎಡವುವುದು ಈ ಕೊನೆಯ ವಾಕ್ಯದಲ್ಲಿಯೇ. ಒಂದು ಪೊಟ್ಟಣ ಮಾರಾಟವಾಗುತ್ತದೆ, ಆದರೆ ಕೊಂಡವರಿಗೆ ಎರಡನೆಯದು ಎಲ್ಲಿ ಸಿಗುವುದೆಂದು ತಿಳಿದಿರುವುದಿಲ್ಲ.

ಒಂದೇ ಮಾತು ಎಲ್ಲ ಬಡಾವಣೆಗಳಿಗೂ ಹೊಂದುವುದಿಲ್ಲ. ಜಯನಗರದ ಹಳೆಯ ಮನೆಗಳ ಹಿರಿಯರಿಗೆ ಹುರಿಹಿಟ್ಟು ಹೊಸದಲ್ಲ. ರಾಗಿ ಎಲ್ಲಿಯದು, ಅರಳು ಚೆನ್ನಾಗಿ ಬಂದಿತ್ತೇ, ಮರಳು ಸಿಗುವುದಿಲ್ಲವಷ್ಟೇ ಎಂದು ಅವರು ವಿಚಾರಿಸುತ್ತಾರೆ. ಅಲ್ಲಿ ತಯಾರಿಕೆಯ ಕ್ರಮದಿಂದಲೇ ಆರಂಭಿಸುವುದು ಲೇಸು. ಬಿಟಿಎಂ ಬಡಾವಣೆಯ ಹೆಸರು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳಿಂದ ಬಂದದ್ದು. ಆದರೆ ಇಂದು ಅಲ್ಲಿ ಹೊರರಾಜ್ಯಗಳಿಂದ ಬಂದ ಯುವ ಉದ್ಯೋಗಿಗಳು ಬಹಳ. ಅವರಿಗೆ ‘ಹುರಿಹಿಟ್ಟು’ ಎಂಬ ಪದವೇ ಅಪರಿಚಿತವಾಗಿರಬಹುದು. ಕನ್ನಡದಲ್ಲಿ ಹೆಸರು ಹೇಳಿ, ತಿನ್ನುವ ವಿಧಾನವನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಒಂದೇ ವಾಕ್ಯದಲ್ಲಿ ಹೇಳಲು ಒಬ್ಬರು ಕಲಿತಿರಬೇಕು. ಜೆ.ಪಿ. ನಗರದ ಸಮುಚ್ಚಯಗಳಲ್ಲಿ ಮೊದಲು ಮಾತನಾಡಬೇಕಾದುದು ನಿವಾಸಿಗಳ ಸಂಘದವರೊಡನೆ. ಅವರಿಗೆ ರುಚಿಗಿಂತ ಮೊದಲು ತಿಳಿಯಬೇಕಾದುದು ಯಾವ ವಾರ, ಎಷ್ಟು ಹೊತ್ತು, ಎಷ್ಟು ಜನ ಬರುವಿರಿ ಎಂಬುದು.

ಬ್ಯಾಂಕಿನಲ್ಲಿ ಆಡುವ ಮಾತು ಬೇರೆಯೇ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯಲ್ಲಿ ಕೇಂದ್ರದ ಮಾರ್ಗಸೂಚಿಯಂತೆ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನಕ್ಕೆ ಅವಕಾಶವಿದೆ. ಪ್ರಸ್ತುತ ಅವಧಿ ಹಾಗೂ ಷರತ್ತುಗಳನ್ನು ಅರ್ಜಿಗೆ ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಇಂತಹ ಸಹಾಯಧನವು ಸಾಲಕ್ಕೆ ಜೋಡಣೆಯಾದುದು; ಬ್ಯಾಂಕ್ ಸಾಲ ಮಂಜೂರು ಮಾಡದೆ ಅದು ಬಾರದು. ಆದುದರಿಂದ “ಸಬ್ಸಿಡಿ ಇದೆಯಂತೆ ಸಾರ್” ಎಂದು ಆರಂಭಿಸುವುದು ಹಾನಿಕರ. ಮರುಪಾವತಿಯ ಹೊಣೆ ಹೊತ್ತವರ ಕಿವಿಗೆ ಅದು ಬೇರೆಯಾಗಿಯೇ ಕೇಳಿಸುತ್ತದೆ. “ವಾರಕ್ಕೆ 40 ಕೆ.ಜಿ. ಮಾರುತ್ತಿದ್ದೇವೆ ಸಾರ್. ಬೀಸಲು ಹೊರಗಿನ ಗಿರಣಿಗೆ ಹೋಗಬೇಕು, ಅದರಿಂದ ಹೆಚ್ಚು ಒಪ್ಪಿಕೊಳ್ಳಲು ಆಗುತ್ತಿಲ್ಲ. ಗಿರಣಿಗೆ ಎರಡು ಲಕ್ಷ ಬೇಕು. ಹಿಂದಿನ ಸಾಲದ ಕಂತು ಒಂದೂ ತಪ್ಪಿಲ್ಲ, ಪುಸ್ತಕ ತಂದಿದ್ದೇವೆ” ಎಂದರೆ ವ್ಯವಸ್ಥಾಪಕರು ಕೈಚಾಚಿ ಪುಸ್ತಕವನ್ನು ಕೇಳುವ ಸಂಭವವಿದೆ.

ಹೇಳಬಾರದ ಮಾತುಗಳೂ ಇವೆ. ರಾಗಿ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಉತ್ಸಾಹದಿಂದ ಹೇಳುವವರಿದ್ದಾರೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೆಯ ಪ್ರಕರಣದಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ‘ಸಾವಯವ’ ಎಂಬ ಪದವನ್ನೂ ತೋರಿಸಲು ದಾಖಲೆಯಿದ್ದರೆ ಮಾತ್ರ ಬಳಸುವುದು ಕ್ಷೇಮ. ಇನ್ನೊಂದು, “ಬಡ ಹೆಣ್ಣುಮಕ್ಕಳು, ಸಹಾಯ ಮಾಡಿ” ಎಂಬ ಮನವಿ. ಕನಿಕರದಿಂದ ಕೊಂಡವರು ಒಮ್ಮೆ ಕೊಳ್ಳುತ್ತಾರೆ, ಬೆಲೆಯನ್ನೂ ಕನಿಕರದಂತೆಯೇ ಕಾಣುತ್ತಾರೆ.

ಸದಸ್ಯರ ಪಾತ್ರವನ್ನು ಇಲ್ಲಿ ಸ್ಪಷ್ಟಪಡಿಸುವುದು ಅಗತ್ಯ. ಅಧಿಕಾರಿಗಳ ಮುಂದೆ ಸದಸ್ಯರು ಮಾತನಾಡಿ, ತಯಾರಿಸಿದ ಮಹಿಳೆ ಪಕ್ಕದಲ್ಲಿ ಮೌನವಾಗಿ ನಿಲ್ಲುವ ರೂಢಿ ಅನೇಕ ಕಡೆ ಇದೆ. ಸದುದ್ದೇಶದಿಂದ ನಡೆಯುವುದಾದರೂ ಇದರಿಂದ ನಷ್ಟವೇ ಹೆಚ್ಚು. ಕೇಳುವ ಮರುಪ್ರಶ್ನೆಗೆ ಉತ್ತರ ಬಲ್ಲವರು ಆಕೆಯೇ ಹೊರತು ನಾವಲ್ಲ. ಪರಿಚಯ ಮಾಡಿಸಿ ಹಿಂದೆ ಸರಿಯುವುದು ನಮ್ಮ ಕೆಲಸ.

ಒಕ್ಕೂಟದ ಮಾಸಿಕ ಸಭೆಯಲ್ಲಿ ಕಾಲು ಗಂಟೆಯನ್ನು ಈ ಅಭ್ಯಾಸಕ್ಕೆ ಮೀಸಲಿಡಬಹುದು. ಮೊಬೈಲಿನಲ್ಲಿ 30 ಸೆಕೆಂಡು ಗುರುತಿಟ್ಟು ಒಬ್ಬೊಬ್ಬರೂ ನಿಂತು ಮಾತನಾಡಲಿ. ಬರೆದು ಓದುವುದು ಬೇಡ. ಓದಿದ ಮಾತು ಎಷ್ಟು ಚೆನ್ನಾಗಿದ್ದರೂ ವರದಿಯಂತೆ ಕೇಳಿಸುತ್ತದೆ. ಆ ಉತ್ಪನ್ನದ ಪರಿಚಯವಿಲ್ಲದ ಒಬ್ಬರನ್ನು ಎದುರು ಕೂರಿಸಿ, ಮಾತು ಮುಗಿದ ಹತ್ತು ನಿಮಿಷದ ಬಳಿಕ ಎರಡೇ ಪ್ರಶ್ನೆ ಕೇಳಿ: ಬೆಲೆ ಎಷ್ಟು, ಮತ್ತೆ ಎಂದು ಸಿಗುತ್ತದೆ? ಉತ್ತರ ಬಾರದಿದ್ದರೆ ಮುಂದಿನ ಸಭೆಯಲ್ಲಿ ಅದೇ ಮಾತನ್ನು ತಿದ್ದಿ ಪುನಃ ಹೇಳಿಸಬೇಕು.